ಮಿಲ್ಲಕ್ಕ ಮರೆತದ್ದು

ನಮ್ಮೂರಲ್ಲಿ ಯಾರಾದರೂ ಏನಾದರೂ ಮರೆತರೆ ಅದು ಹಾಳಾಗಿ ಹೋಗಲ್ಲ, ಊರಲ್ಲೇ ಇನ್ನೊಬ್ಬರ ತಲೆಗೆ ಬರುತ್ತೆ. ಬೆಳಗ್ಗೆ ಹಿತ್ತಲಲ್ಲಿ ನಿಂತು ಹಲ್ಲುಜ್ಜುತ್ತಾ ಇರ್ತೀನಿ, ಇದ್ದಕ್ಕಿದ್ದ ಹಾಗೆ ಟೈಲರ್ ಖಲೀಲ್ ಸಾಬರ ಕನ್ನಡಕ ಅವರ ಮನೆ ಅಕ್ಕಿ ಡಬ್ಬದ ಮೇಲಿದೆ ಅಂತ ನನಗೆ ಜ್ಞಾಪಕ ಬರುತ್ತೆ. ಅವರ ಅಡುಗೆಮನೆಗೆ ನಾನು ಒಂದು ದಿನವೂ ಕಾಲಿಟ್ಟವಳಲ್ಲ. ಆದರೂ ಆ ಡಬ್ಬದ ಮುಚ್ಚಳ ಎಲ್ಲಿ ತಗ್ಗಾಗಿದೆ ಅನ್ನೋದು ಸಮೇತ ಕಣ್ಣಿಗೆ ಕಟ್ಟುತ್ತೆ. ಬಾಯಿ ಮುಕ್ಕಳಿಸಿ, ಸೆರಗು ಸರಿಮಾಡಿಕೊಂಡು ಅವರ ಮನೆ ಕಡೆ ಹೊರಟರೆ ಎದುರಿಗೆ ಕಲ್ಲೂರಯ್ಯ ಮೇಷ್ಟ್ರು ದಾಪುಗಾಲು ಹಾಕ್ಕೊಂಡು ಬರ್ತಾ ಇರ್ತಾರೆ. 'ಚೆಲುವಾಜಮ್ಮ, ನಿಮ್ಮ ಮನೆಗೇ ಹೊರಟಿದ್ದೆ. ಒಲೆ ಮೇಲೆ ಹಾಲಿಟ್ಟು ಬಂದಿದ್ದೀರಲ್ರೀ!' ಅಂತಾರೆ. ನಮ್ಮೂರಲ್ಲಿ ಬೆಳಗಾಗೋದು ಹೀಗೆ.

ಬಂದದ್ದನ್ನು ಹೋಗಿ ಹೇಳಿ ಬರಬೇಕು. ಅದಕ್ಕೆ ನಾವು ಕೊಟ್ಟು ಬರೋದು ಅಂತೀವಿ. ಚಪ್ಪಲಿ ಬಿಟ್ಟು, ಹೊಸಿಲ ಆಚೆ ನಿಂತು, 'ನಿಮ್ಮದೊಂದು ನನ್ನ ಹತ್ತಿರ ಬಂದಿತ್ತು' ಅಂತ ಶುರು ಮಾಡಬೇಕು. ಹಾಗೆ ಶುರು ಮಾಡದಿದ್ದರೆ ಎಷ್ಟು ಹೇಳಿದರೂ ಅದು ಬರೀ ಹರಟೆ, ನಮ್ಮ ತಲೆ ಬಿಟ್ಟು ಕದಲಲ್ಲ. ಸರಿಯಾಗಿ ಹೇಳಿದರೆ ಮಾತ್ರ ಅವರದು ಅವರಿಗೆ ಹೋಗುತ್ತೆ. ಆಡಿದ ಮಾತು ನಮ್ಮ ಹತ್ತಿರ ಉಳಿಯುತ್ತೆ, ಕಣ್ಣಿಗೆ ಕಟ್ಟಿದ್ದು ಹೊರಟುಹೋಗುತ್ತೆ. ಅವರು ಒಂದು ಚೂರು ಬೆಲ್ಲ ತಂದು ಕೈಗೆ ಹಾಕ್ತಾರೆ. ಸಕ್ಕರೆ ಕಾಯಿಲೆಯವರಿಗೆ ಎರಡು ಹುರಿಗಡಲೆ. ಅಷ್ಟೇ ವ್ಯವಹಾರ.

ಇನ್ನೊಂದು ಉಂಟು. ಬಂದದ್ದನ್ನು ಮೂರು ಸಂಜೆ ದಾಟಿಸಬಾರದು. ದಾಟಿದರೆ ಬಂದದ್ದು ಯಾವುದು, ನಮ್ಮದೇ ಯಾವುದು ಅನ್ನೋದು ಗೊತ್ತಾಗದ ಹಾಗೆ ಬೆರೆತುಹೋಗುತ್ತೆ. ನಮ್ಮ ಪೋಸ್ಟ್‌ಮ್ಯಾನು ಯಾರದೋ ಕಾಶಿಯಾತ್ರೆಯನ್ನು ಸೋಮಾರಿತನಕ್ಕೆ ನಾಲ್ಕು ದಿನ ಇಟ್ಕೊಂಡು, ಇವತ್ತಿಗೂ ತಾನೇ ಗಂಗೆಯಲ್ಲಿ ಮುಳುಗೆದ್ದೆ ಅಂತ ಆಣೆ ಮಾಡ್ತಾನೆ. ಅದಕ್ಕೇ ಹೊರಗಿನಿಂದ ಬಂದ ಸೊಸೆಯರಿಗೆ ಅಡುಗೆ ಹೇಳಿಕೊಡುವ ಮುಂಚೆ ಇದನ್ನು ಹೇಳಿಕೊಡ್ತಾರೆ. ನನಗೆ ಮಾತ್ರ ಹೇಳಿಕೊಟ್ಟದ್ದು ಎಂಟನೇ ದಿನ. ಆ ವಾರ ಮಿಲ್ಲಿನ ಬೆಲ್ಟು ಹರಿದು ಮನೆಯವರಿಗೆಲ್ಲ ತಲೆ ಕೆಟ್ಟುಹೋಗಿತ್ತು, ನನ್ನನ್ನು ಯಾರು ಕೇಳ್ತಾರೆ?

ಮಿಲ್ಲು ಅಂದರೆ ಹಿಟ್ಟಿನ ಮಿಲ್ಲು. ಊರಿಗೆ ಇರೋದು ಅದೊಂದೇ, ನಮ್ಮದು, ನಮ್ಮ ಮನೆಯ ಮುಂಭಾಗದಲ್ಲೇ. ರಾಗಿ ಗೋಧಿಗೆ ಒಂದು ಮಿಷನ್, ಮೆಣಸಿನಪುಡಿ ಸಾರಿನಪುಡಿಗೆ ಇನ್ನೊಂದು. ಕಾಯುವವರು ಕೂರಲಿಕ್ಕೆ ಗೋಡೆಗೊರಗಿಸಿದ ಒಂದು ಹಳೇ ಹಸಿರು ಬೆಂಚು. ಗಂಡಸರು ಮೋಟಾರು, ಬೆಲ್ಟು, ಗ್ರೀಸು ನೋಡಿಕೊಂಡರೆ ಉಳಿದದ್ದೆಲ್ಲ ನಮ್ಮಿಬ್ಬರದು. ಇಬ್ಬರು ಅಂದರೆ ನಾನು ಮತ್ತು ನನ್ನ ಓರಗಿತ್ತಿ ಪುಟ್ಟನಂಜಮ್ಮ. ನನ್ನ ಭಾವನವರ ಹೆಂಡತಿ, ನನಗಿಂತ ಐದು ವರ್ಷ ಮುಂಚೆ ಈ ಮನೆಗೆ ಬಂದವಳು. ನಾನು ಅಕ್ಕ ಅಂತೀನಿ, ಊರೆಲ್ಲ ಮಿಲ್ಲಕ್ಕ ಅನ್ನುತ್ತೆ. ಭಾವನವರು ತೀರಿಕೊಂಡು ಆರು ವರ್ಷವಾಯಿತು. ಅವರಿದ್ದಾಗಲೂ ಮಿಲ್ಲಿನ ಯಜಮಾನಿ ಅವಳೇ.

ಯಜಮಾನಿಕೆ ಸುಮ್ಮನೆ ಬಂದದ್ದಲ್ಲ. ಬೇರೆ ಊರಿನ ಮಿಲ್ಲುಗಳಲ್ಲಿ ಡಬ್ಬಗಳ ಮೇಲೆ ಸುಣ್ಣದಲ್ಲಿ ಹೆಸರು ಬರೀತಾರೆ. ಅಕ್ಕ ಒಂದು ದಿನ ಬರೆದವಳಲ್ಲ. ಸಾಲಾಗಿ ಐವತ್ತು ಡಬ್ಬ ನಿಂತಿದ್ದರೂ, ತಗ್ಗು ನೋಡಿ, ತುಕ್ಕು ನೋಡಿ, ಇದು ಇಂಥವರದು ಅಂತ ಹೇಳ್ತಿದ್ದಳು. ಯಾವ ಮನೆಯ ಸಾರಿನಪುಡಿಗೆ ಎಷ್ಟು ಮೆಣಸಿನಕಾಯಿ, ಎಷ್ಟು ಧನಿಯ, ಯಾರ ಮನೆಯಲ್ಲಿ ಮೆಂತ್ಯ ಮುಂದು ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. 'ಏನಮ್ಮ, ಈ ಸಲ ಜೀರಿಗೆ ಕಡಿಮೆ ಹಾಕಿದ್ದೀಯ, ನಿಮ್ಮತ್ತೆ ಹೀಗೆ ಮಾಡ್ತಿರಲಿಲ್ಲ' ಅಂತ ತಿರುಗಿಸಿ ಕಳಿಸುತ್ತಿದ್ದಳು. ನಾನೋ, ಡಬ್ಬ ಎತ್ತುವವಳು. ಇಪ್ಪತ್ತು ಕೆಜಿ ರಾಗಿ ಡಬ್ಬವನ್ನು ಸೊಂಟಕ್ಕೆ ಏರಿಸಿ ಮಿಷನ್ನಿನ ಮೇಲಿನ ಹಾಪರಿಗೆ ಸುರಿಯೋದರಲ್ಲಿ ಈ ಊರಿನ ಗಂಡಸರೂ ನನ್ನ ಸಮಕ್ಕಿಲ್ಲ. ಯಾರಾದರೂ ಕೈ ಕೊಡಕ್ಕೆ ಬಂದರೆ ಗದರಿಸಿಬಿಡ್ತೀನಿ.

ಆ ಗದರಿಕೆಗೆ ಒಂದು ಕಾರಣವಿದೆ. ಮೂವತ್ತೆಂಟು ವರ್ಷದಿಂದ ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು. ನಾನು ಈ ಮನೆಗೆ ಬಂದ ಹೊಸದರಲ್ಲಿ, ಅದೇ ಮೊದಲ ವಾರದಲ್ಲಿ ಅಂತ ಇಟ್ಕೊಳ್ಳಿ, ಅಡುಗೆಮನೆಯ ಹಸಿರು ಬಾಗಿಲ ಹಿಂದೆ ನಿಂತಿದ್ದೆ. ಕೈಯಲ್ಲಿ ನೀರಿನ ತಂಬಿಗೆ. ಒಳಗಿನಿಂದ ಒಂದು ಹೆಣ್ಣು ದನಿ: 'ಈ ಕಡ್ಡಿಯಂಥ ಕೈಯಲ್ಲಿ ಒಂದು ಸೇರು ರಾಗಿ ಎತ್ತೋಕಾಗುತ್ತಾ? ಎರಡು ದಿನ ನೋಡಿ, ಅವರಪ್ಪನ ಮನೆಗೆ ವಾಪಸ್ ಬಿಟ್ಟು ಬನ್ನಿ.' ಬಾಗಿಲಿಗೆ ಹಣೆ ಒತ್ತಿಕೊಂಡು ಸದ್ದಾಗದ ಹಾಗೆ ಅತ್ತೆ. ಹಸಿರು ಬಣ್ಣದ ಒಂದು ಚೆಕ್ಕೆ ಎದ್ದು ಹಣೆಗೆ ಅಂಟಿಕೊಂಡಿತು. ನಾನು ಬರುವ ಹೊತ್ತಿಗೆ ನಮ್ಮತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಇದ್ದ ಹೆಂಗಸು ಅಕ್ಕ ಒಬ್ಬಳೇ. ಇನ್ನು ಆ ದನಿ ಯಾರದು ಅಂತ ಪಂಚಾಯ್ತಿ ಸೇರಿಸಬೇಕಾ? ಹೋಗಲಿ, ನಾನು ಸೇರು ಒದ್ದು ಒಳಗೆ ಬಂದ ದಿನ ಆರತಿ ಎತ್ತೋಕಾದರೂ ಬಂದಳಾ? ಅದೂ ಇಲ್ಲ. ಪಕ್ಕದ ಮನೆ ಮುದುಕಿಯರು ಎತ್ತಿದರು.

ಅವತ್ತಿನಿಂದ ಹಟ ಹಿಡಿದು ಡಬ್ಬ ಎತ್ತಿದವಳು ನಾನು. ಅಕ್ಕ ನನಗೆ ಕೆಟ್ಟದ್ದು ಮಾಡಿದಳು ಅನ್ನಲಾರೆ. ಬಾಣಂತನ ಮಾಡಿದಳು, ಟೈಫಾಯ್ಡ್ ಬಂದಾಗ ಹದಿನೈದು ದಿನ ನನ್ನ ಮಗ್ಗುಲಲ್ಲೇ ಮಲಗಿದಳು. ಆದರೆ ಅವಳು ಏನು ಮಾಡಿದರೂ, ಓಹೋ, ಅಂದು ಆಡಿದ ಮಾತಿಗೆ ಈಗ ಮುಲಾಮು ಹಚ್ತಾ ಇದ್ದಾಳೆ ಅಂತಲೇ ನನಗೆ ಅನ್ನಿಸೋದು. ಒಂದಲ್ಲ ಒಂದು ದಿನ ಅವಳ ಬಾಯಲ್ಲಿ 'ತಪ್ಪಾಯ್ತು ಚೆಲ್ವಿ' ಅನ್ನೋ ಮಾತು ಕೇಳಬೇಕು ಅಂತ ನನ್ನ ಆಸೆ. ಕೇಳಿಯೇ ಸಾಯೋದು ಅಂತ ಮಾಡಿಕೊಂಡಿದ್ದೆ. ಅವಸರವೇನೂ ಇರಲಿಲ್ಲ. ಒಂದೇ ಮನೆ, ಒಂದೇ ಮಿಲ್ಲು, ಎಲ್ಲಿಗೆ ಹೋಗ್ತಾಳೆ ಅಂದುಕೊಂಡಿದ್ದೆ.

ಕಳೆದ ವರ್ಷ ಸಂಕ್ರಾಂತಿ ಆದಮೇಲೆ ಅಕ್ಕ ಮೇಷ್ಟ್ರ ಮನೆಯ ರಾಗಿಯನ್ನು ಮೆಣಸಿನಪುಡಿ ಮಿಷನ್ನಿಗೆ ಸುರಿದಳು. ಅವತ್ತು ಮಧ್ಯಾಹ್ನ ಮೇಷ್ಟ್ರ ಮನೆಮಂದಿಯೆಲ್ಲ ಮುದ್ದೆ ನುಂಗಿ, ನಾಲಿಗೆ ಹೊರಗೆ ಹಾಕಿಕೊಂಡು ಬೀದಿಗೆ ಬಂದರು. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಮೇಷ್ಟ್ರು ಮಜ್ಜಿಗೆ ಮಜ್ಜಿಗೆ ಅಂತ ಕೂಗಿದ್ದನ್ನು ನೋಡಿ ಅವರ ಹಳೇ ಶಿಷ್ಯರಿಗೆಲ್ಲ ಹಬ್ಬ. ಅಕ್ಕನೂ ಕಣ್ಣಲ್ಲಿ ನೀರು ಬರೋ ತನಕ ನಕ್ಕಳು. ನಾನೂ ನಕ್ಕೆ. ಮಾರನೇ ದಿನ ಖಲೀಲ್ ಸಾಬರು ಬಂದು ಹೊಸಿಲಾಚೆ ನಿಂತು, 'ಮಿಲ್ಲಕ್ಕ, ನಿಮ್ಮದೊಂದು ನನ್ನ ಹತ್ರ ಬಂದಿತ್ತು. ಎಡಗಡೆ ಮಿಷನ್ನು ಖಾರಕ್ಕೆ, ಬಲಗಡೆದು ರಾಗಿಗೆ' ಅಂದರು. ಅಕ್ಕ ಬೆಲ್ಲ ಕೊಟ್ಟಳು. ಆಮೇಲೆ ಒಳಗೆ ಬಂದು ಎರಡೂ ಮಿಷನ್ನನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನಲವತ್ತು ವರ್ಷ ಎರಡು ಕೈಯಲ್ಲಿ ಮಾಡಿದ ಕೆಲಸ ಅದು.

ಅಲ್ಲಿಂದ ಶುರುವಾಯಿತು ನೋಡಿ. ದಿನ ಬೆಳಗಾದರೆ ನಮ್ಮ ಮನೆ ಮುಂದೆ ಜನ. ಯಾರ ಮನೆಯದೋ ಹುಳಿಪುಡಿಯ ಅಳತೆ ಖಲೀಲ್ ಸಾಬರಿಗೆ ಹೋಗಿದೆ. ಅವರು ಕೊಟ್ಟು ಬರುವ ಮೊದಲು ಒಂದು ಸಲ ಮನೆಯಲ್ಲಿ ಮಾಡಿಸಿ ನೋಡಿ, ಬೆರಳು ನೆಕ್ಕಿಕೊಂಡೇ ಬಂದಿದ್ದಾರೆ. ಪೋಸ್ಟ್‌ಮ್ಯಾನಿಗೆ ಅಕ್ಕ ನೋಡಿದ ಮೊದಲ ಸಿನಿಮಾ. ಮೇಷ್ಟ್ರಿಗೆ ಬಂದದ್ದು ಅಕ್ಕ ಎಂಟು ವರ್ಷದ ಹುಡುಗಿಯಾಗಿದ್ದಾಗ ಆಡಿದ ಕುಂಟೆಬಿಲ್ಲೆ. 'ಮಾತಲ್ಲಿ ಹೇಳೋಕೆ ಬರಲ್ಲ ಕಣ್ರೀ' ಅಂತ ಆ ಮನುಷ್ಯ ಪಂಚೆ ಎತ್ತಿಕಟ್ಟಿ, ಒಂಟಿಕಾಲಲ್ಲಿ ನಮ್ಮ ಅಂಗಳದ ತುಂಬ ಕುಣಿದು ತೋರಿಸಿದರು. ಹತ್ತು ಅಚ್ಚು ಬೆಲ್ಲ ಒಂದು ತಿಂಗಳಿಗೆ ಸಾಲಲಿಲ್ಲ. ನಮ್ಮ ಯಜಮಾನರು ಸಂತೆಯಿಂದ ಬುಟ್ಟಿಗಟ್ಟಲೆ ಬೆಲ್ಲ ಹೊತ್ತು ತಂದು, 'ಅತ್ತಿಗೆ, ಸ್ವಲ್ಪ ನಿಧಾನವಾಗಿ ಮರೀರಿ' ಅಂದರು. ಅಕ್ಕ ನಗುತ್ತಾ, 'ನಿಧಾನವಾಗೇ ಮರೀತಿದ್ದೀನಪ್ಪ, ನಿಮ್ಮ ಊರಿನವರೇ ಓಡಿ ಬರ್ತಾರೆ' ಅಂದಳು.

ನಗು ಇದ್ದೇ ಇತ್ತು. ಆದರೆ ಒಂದು ಗಮನಿಸಿದೆ. ಕೊಟ್ಟದ್ದು ಅವಳಲ್ಲಿ ನಿಲ್ಲುತ್ತಿರಲಿಲ್ಲ. ಮೊದಮೊದಲು ವಾರ ನಿಲ್ಲುತ್ತಿತ್ತು, ಆಮೇಲೆ ಎರಡು ದಿನ, ಆಮೇಲೆ ಬೆಳಗ್ಗೆ ಕೊಟ್ಟದ್ದು ಮಧ್ಯಾಹ್ನಕ್ಕೆ ಇನ್ನೊಬ್ಬರ ತಲೆಯಲ್ಲಿ. ಬೇರೆ ಊರಿನಲ್ಲಾದರೆ ಡಾಕ್ಟರು ಏನೋ ಒಂದು ಹೆಸರು ಹೇಳ್ತಾರಂತೆ. ನಮ್ಮ ಡಾಕ್ಟರು ಅಕ್ಕನ ಕೈ ಹಿಡಿದುಕೊಂಡು, 'ಗಾಳಿ ಹೆಚ್ಚಾಗಿರೋ ಕಡೆ ದೀಪ ಇಟ್ಟ ಹಾಗಾಗಿದೆ ಅಮ್ಮ. ಹಚ್ತಾ ಇರಬೇಕು, ಅಷ್ಟೇ' ಅಂದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನಗೆ ಹೊಳೆಯಿತು. ಹೀಗೇ ಹೋದರೆ ಆ ಹಸಿರು ಬಾಗಿಲ ಮಾತನ್ನೂ ಮರೆತುಬಿಡ್ತಾಳೆ. ಆಮೇಲೆ ಯಾರ ಬಾಯಲ್ಲಿ 'ತಪ್ಪಾಯ್ತು' ಅನ್ನಿಸೋದು? ತಾನು ಏನು ಮಾಡಿದೆ ಅಂತಲೇ ಗೊತ್ತಿಲ್ಲದವಳು ಬಾಯಿಮಾತಿಗೆ ತಪ್ಪಾಯ್ತು ಅಂದರೆ ಅದು ನನಗೆ ಬೇಡ.

ಮಾರನೇ ದಿನ ಮಧ್ಯಾಹ್ನ ಕರೆಂಟು ಹೋಗಿ ಮಿಷನ್ ನಿಂತ ಹೊತ್ತಿನಲ್ಲಿ, ಅಕ್ಕ ಹಸಿರು ಬೆಂಚಿನ ಮೇಲೆ ಕೂತಿದ್ದಳು. ಹುಬ್ಬಿನ ಮೇಲೆಲ್ಲ ಹಿಟ್ಟು. ನಾನೂ ಪಕ್ಕದಲ್ಲಿ ಕೂತೆ. ಮೂವತ್ತೆಂಟು ವರ್ಷ ಅಭ್ಯಾಸ ಮಾಡಿಕೊಂಡಿದ್ದ ಮಾತನ್ನು ಆಡೇಬಿಟ್ಟೆ. 'ಅಕ್ಕ, ನಾನು ಹೊಸದಾಗಿ ಬಂದಾಗ, ಅಡುಗೆಮನೆ ಬಾಗಿಲ ಹಿಂದೆ ನಿಂತು ಒಂದು ಮಾತು ಕೇಳಿಸಿಕೊಂಡೆ. ಕಡ್ಡಿಯಂಥ ಕೈ ಅಂದೆ ನೀನು. ವಾಪಸ್ ಬಿಟ್ಟು ಬನ್ನಿ ಅಂದೆ' ಅಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. 'ಯಾವ ಬಾಗಿಲೇ?' 'ಅಡುಗೆಮನೆ ಬಾಗಿಲು ಅಕ್ಕ. ಹಸಿರು ಬಾಗಿಲು.' 'ನಮ್ಮ ಅಡುಗೆಮನೆಗೆ ಬಾಗಿಲೆಲ್ಲಿದೆಯೇ ಚೆಲ್ವಿ? ಬರೀ ಚೌಕಟ್ಟು. ಸೀರೆ ಕಟ್ಟಿದೀವಲ್ಲ' ಅಂದಳು. ಅದೇನೋ ನಿಜ. ಬಾಗಿಲಿಲ್ಲ, ಹಳೇ ಸೀರೆಯ ಪರದೆ ಇದೆ. ಬಾಗಿಲು ಯಾವಾಗ ಹೋಯಿತೋ ನಾನು ಯೋಚಿಸಿದವಳೇ ಅಲ್ಲ. 'ಆಗ ಇತ್ತು' ಅಂದೆ, ಸೆರಗಿನಿಂದ ಕಣ್ಣೊರೆಸಿಕೊಂಡು. ಅಕ್ಕ ನನ್ನ ತೋಳು ಸವರಿ, 'ಇದ್ದಿರಬಹುದು. ಯಾಕೆ ಅಳ್ತೀಯ? ಯಾರೇನಂದರು ನಿನಗೆ? ಹೆಸರು ಹೇಳು, ಹೋಗಿ ವಿಚಾರಿಸಿಕೊಳ್ತೀನಿ' ಅಂತ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. ನಾನು ಅಳಲೋ ನಗಲೋ?

ಆಗಿಹೋಯಿತು, ಮರೆತುಬಿಟ್ಟಿದ್ದಾಳೆ ಅಂತ ತಿಳಿದೆ. ಮರೆತದ್ದು ಊರಲ್ಲೇ ಇರಬೇಕಲ್ಲ, ಯಾರ ತಲೆಗೆ ಹೋಗಿದೆ ಅಂತ ಹುಡುಕಿಕೊಂಡು ಹೊರಟೆ. ಮನೆಮನೆಗೆ ಹೋಗಿ, 'ನಮ್ಮಕ್ಕನ ಒಂದು ಹಸಿರು ಬಾಗಿಲು ನಿಮಗೇನಾದರೂ ಬಂತಾ?' ಅಂತ ಕೇಳಿದೆ. ಒಬ್ಬಳ ಹತ್ತಿರ ಅಕ್ಕನ ಕಳೆದುಹೋದ ಓಲೆ ಇತ್ತು. ಇನ್ನೊಬ್ಬಳ ಹತ್ತಿರ ಭಾವನವರು ಗುಟ್ಟಾಗಿ ತಂದುಕೊಟ್ಟ ಮೈಸೂರುಪಾಕು ಇತ್ತು. ಅದನ್ನು ಹೇಳುವಾಗ ಅವಳ ಕೆನ್ನೆಯೇ ಕೆಂಪಾಯಿತು. ಹಸಿರು ಬಾಗಿಲು ಯಾರ ಹತ್ತಿರವೂ ಇಲ್ಲ. ಮೇಷ್ಟ್ರು ಕನ್ನಡಕ ತೆಗೆದು, 'ಅಂಥದ್ದೇನಿದೆಯಮ್ಮ ಅದರಲ್ಲಿ?' ಅಂದರು. 'ನನಗೆ ಬರಬೇಕಾದ ಒಂದು ಮಾತಿದೆ ಮೇಷ್ಟ್ರೇ' ಅಂದೆ. 'ಸಿಕ್ಕಿದರೆ ಆ ಗಳಿಗೆಯೇ ತಂದುಕೊಡ್ತೀನಿ. ಕುಣಿಯೋಕೆ ಮಾತ್ರ ಹೇಳಬೇಡಿ' ಅಂದರು.

ಒಂದು ಗುರುವಾರ, ಬೆಳಗ್ಗೆ ಹತ್ತರ ಸುಮಾರು. ಸಾಂಬಾರುಪುಡಿಯ ಘಾಟಿಗೆ ಸೀನುತ್ತಾ ನಾನು ಖಾಲಿ ಡಬ್ಬಗಳನ್ನು ಹೊರಗೆ ಜೋಡಿಸಿ ಒಳಗೆ ಬಂದೆ. ಅಕ್ಕ ಜರಡಿ ಹಿಡಿದುಕೊಂಡು ನಿಂತಿದ್ದಳು. ನನ್ನನ್ನು ನೋಡಿ ಮರ್ಯಾದೆಯಿಂದ ನಕ್ಕಳು. 'ಬನ್ನಿ, ಕೂತ್ಕೊಳ್ಳಿ. ಏನು ಬೀಸಬೇಕಾಗಿತ್ತು?' ತಮಾಷೆ ಅಂದುಕೊಂಡೆ. 'ನಿನ್ನ ತಲೆ' ಅಂದೆ. ಅವಳ ನಗು ಹಾಗೇ ಇತ್ತು, ಕಣ್ಣಲ್ಲಿ ಮಾತ್ರ ಗುರುತಿಲ್ಲ. 'ಯಾರ ಮನೆಯವರಮ್ಮ ನೀವು? ಈ ಊರಿಗೆ ಹೊಸಬರಾ?'

ದೇವರಾಣೆ ಹೇಳ್ತೀನಿ, ಅವಳು ತಮಾಷೆ ಮಾಡ್ತಿರಲಿಲ್ಲ. ಹೊಸಿಲ ಹತ್ತಿರ ಗೋಡೆ ಹಿಡಿದುಕೊಂಡೆ. ಅಲ್ಲೇ, ನಿಂತ ನಿಲುವಿನಲ್ಲೇ, ಅದು ನನಗೆ ಬಂತು. ಅಕ್ಕ ಮರೆತ ನಾನೇ ನನಗೆ ಬಂದೆ.

ನಾನು ಅಡುಗೆಮನೆಯಲ್ಲಿ ಕೂತಿದ್ದೇನೆ. ಒಲೆ ಮುಂದೆ, ಕೈಗೆಲ್ಲ ಎಣ್ಣೆ. ಕಾವಲಿಯ ಮೇಲೆ ಒಬ್ಬಟ್ಟು, ಇನ್ನೂ ಅರವತ್ತು ತಟ್ಟೋದಿದೆ, ಎದ್ದು ಹೋದರೆ ಸೀದುಹೋಗುತ್ತೆ, ಕೈ ಸಹಾಯಕ್ಕೆ ಬರೋ ಇನ್ನೊಂದು ಹೆಣ್ಣು ಈ ಮನೆಯಲ್ಲಿಲ್ಲ. ಹೊರಗೆ ವಾಲಗದ ಸದ್ದು. ಬಂದಳಾ, ಬಂದಳಾ ಅಂತ ಮನಸ್ಸೆಲ್ಲ ಅಲ್ಲೇ. ಬಾಗಿಲಿಲ್ಲದ ಚೌಕಟ್ಟಿಗೆ ಕಟ್ಟಿದ ಸೀರೆಯನ್ನು ಒಂದು ಕಡೆ ಎತ್ತಿ ಸಿಕ್ಕಿಸಿದ್ದೇನೆ, ಕೂತಲ್ಲಿಂದಲೇ ನೋಡೋಣ ಅಂತ. ಹೊಸಿಲ ಮೇಲೆ ಒಬ್ಬ ಹುಡುಗಿ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದಿದೆ. ಕಡ್ಡಿಯಂಥ ಕೈ, ನನ್ನವೇ ಇದ್ದ ಹಾಗೆ. ಹೆದರಿಕೊಂಡಿದ್ದಾಳೆ, ಹೆದರಿದ್ದು ಗೊತ್ತಾಗಬಾರದು ಅಂತ ಗದ್ದ ಎತ್ತಿಕೊಂಡಿದ್ದಾಳೆ. ಸೇರು ಒದಿ ಅಂದರೆ, ಅಯ್ಯೋ ಶಿವನೇ, ಎಂಥ ಒದೆ! ಅಕ್ಕಿ ಚೆಲ್ಲಾಪಿಲ್ಲಿ. ಸೇರು ನಡುಮನೆಯುದ್ದ ಠಣಠಣ ಅಂತ ಉರುಳಿ, ಚೌಕಟ್ಟು ದಾಟಿ, ಅಡುಗೆಮನೆಯೊಳಗೆ ಬಂದು ನನ್ನ ಕಾಲಿಗೆ ತಾಗಿ ನಿಂತಿತು. ಎಲ್ಲರೂ ನಕ್ಕರು. ಹುಡುಗಿಯ ಮುಖ ಕೆಂಪಾಯಿತು. ನಾನು ಸೇರನ್ನು ಎತ್ತಿ ಎದೆಗೆ ಒತ್ತಿಕೊಂಡೆ. ಅತ್ತೆ ಹೋದಮೇಲೆ ಈ ಮನೆಯಲ್ಲಿ ಮೋಟಾರು, ಬೆಲ್ಟು, ಗ್ರೀಸು ಬಿಟ್ಟು ಬೇರೆ ಮಾತು ಕೇಳಿಲ್ಲ. ಅಬ್ಬಾ, ಬಂದಳು. ಇವಳು ಯಾರಿಗೂ ಹೆದರಲ್ಲ. ಇನ್ನು ನನಗೊಬ್ಬಳು ಇದ್ದಾಳೆ. ಒಬ್ಬಟ್ಟು ಸೀದುಹೋಯಿತು, ನಾನು ನೋಡಲೇ ಇಲ್ಲ.

ಕಣ್ಣು ಬಿಟ್ಟರೆ ನಾನು ಮಿಲ್ಲಿನ ಗೋಡೆ ಹಿಡಿದು ನಿಂತಿದ್ದೆ. ಎದುರಿಗೆ ಅಕ್ಕ ಜರಡಿ ಹಿಡಿದು, 'ತಲೆ ಸುತ್ತು ಬಂತೇನಮ್ಮ? ನೀರು ತರಲಾ?' ಅಂತಿದ್ದಳು. ನನ್ನನ್ನು ಹಾಗೆ ಈ ಜನ್ಮದಲ್ಲಿ ಯಾರೂ ನೋಡಿಲ್ಲ. ಹೆತ್ತ ತಾಯಿಯೂ ನೋಡಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಷ್ಟರಲ್ಲೇ ಇನ್ನೊಂದು ಹೊಳೆಯಿತು. ಬಾಗಿಲು! ಅವತ್ತೇ ಅಲ್ಲಿ ಬಾಗಿಲಿರಲಿಲ್ಲ. ಇದ್ದಿದ್ದರೆ ಸೇರು ಉರುಳಿಕೊಂಡು ಒಳಗೆ ಹೇಗೆ ಹೋಗುತ್ತಿತ್ತು?

ಮಿಷನ್ ಹಿಂದೆ ಬೆಲ್ಟು ಬಿಗಿಯುತ್ತಿದ್ದ ಯಜಮಾನರ ಹತ್ತಿರ ಓಡಿದೆ. 'ರೀ, ಅಡುಗೆಮನೆ ಹಸಿರು ಬಾಗಿಲು ಯಾವಾಗ ತೆಗೆಸಿದ್ದು?' ಅವರು ತಲೆ ಎತ್ತದೆ, 'ಅಮ್ಮ ಹೋದ ವರ್ಷವೇ. ಕೆಳಗೆ ಗೆದ್ದಲು ಹಿಡಿದಿತ್ತು. ನೀನು ಬರೋದಕ್ಕೆ ಎರಡು ವರ್ಷ ಮುಂಚೆ. ಮೇಲಿನ ಹಲಗೆ ಗಟ್ಟಿ ಇತ್ತಲ್ಲ, ಅದರಲ್ಲೇ ಈ ಬೆಂಚು ಮಾಡಿಸಿದ್ದು' ಅಂದರು. ಆಮೇಲೆ ತಲೆ ಎತ್ತಿ, 'ನೀನು ಆ ಬಾಗಿಲನ್ನ ಎಲ್ಲಿ ನೋಡಿದೆ?' ಅಂದರು.

ಎಲ್ಲಿ ನೋಡಿದೆ? ನಾನು ನೋಡಲೇ ಇಲ್ಲ. ಬಾಗಿಲ ಹಿಂದೆ ನಿಂತವಳು ಅಕ್ಕ, ಅವಳು ಸೊಸೆಯಾಗಿ ಬಂದ ಹೊಸದರಲ್ಲಿ. ಒಳಗಿನ ದನಿ ನಾನು ಕಣ್ಣಲ್ಲೂ ಕಾಣದ ನಮ್ಮತ್ತೆಯದು. ಆ ಮಾತನ್ನು ಐದು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಅಕ್ಕ ಅದನ್ನು ಮರೆತದ್ದು, ನಾನು ಹೊಸಿಲು ದಾಟಿ ಬಂದ ಆ ದಿನ. ಆ ಸಂತೋಷದಲ್ಲಿ ಅವಳ ಕೈ ಜಾರಿತು. ಜಾರಿದ್ದು ನನ್ನ ತಲೆಗೆ ಬಂದು ಬಿತ್ತು. ಕೊಟ್ಟು ಬರೋದು ಅಂತ ಒಂದಿದೆ ಅನ್ನೋದೇ ಗೊತ್ತಿಲ್ಲದ ನಾನು ಎಂಟು ದಿನ ಇಟ್ಟುಕೊಂಡು, ನನ್ನದೇ ಅಂತ ಮಾಡಿಕೊಂಡು, ಅವಳದೇ ನೋವನ್ನು ಹಿಡಿದು ಮೂವತ್ತೆಂಟು ವರ್ಷ ಅವಳ ಮೇಲೇ ಮುನಿಸಿಕೊಂಡಿದ್ದೆ. ಆ ಬಾಗಿಲ ಮೇಲೇ ದಿನಾ ಕೂತು ಕಾಫಿ ಕುಡಿಯುತ್ತಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳು ಈ ಊರಲ್ಲಿ ಹುಟ್ಟಿಲ್ಲ, ಆ ಪೋಸ್ಟ್‌ಮ್ಯಾನೇ ವಾಸಿ.

ಈಗ ನನ್ನ ಹತ್ತಿರ ಅವಳದು ಎರಡಿತ್ತು. ಬೆಂಚಿನ ಮೇಲೆ ಕೂತು ಯೋಚನೆ ಮಾಡಿದೆ. ಆ ಹೊಸಿಲ ಮೇಲಿನ ಹುಡುಗಿಯನ್ನು ಮೂರು ಸಂಜೆ ಸುಮ್ಮನೆ ಇಟ್ಟುಕೊಂಡರೆ ಸಾಕು, ಅದು ನನ್ನದೇ ಆಗುತ್ತೆ. ಅಕ್ಕ ನನ್ನನ್ನು ನೋಡಿದ ಆ ನೋಟ ಸಾಯೋ ತನಕ ನನ್ನಲ್ಲೇ ಉಳಿಯುತ್ತೆ. ಕೊಟ್ಟುಬಿಟ್ಟರೆ ನನಗೆ ಬರೀ ಮಾತು ಉಳಿಯುತ್ತೆ, ಅವಳಲ್ಲಿ ಅದು ಸಂಜೆಯ ತನಕವಾದರೂ ನಿಲ್ಲುತ್ತೋ ಇಲ್ಲವೋ. ಆಮೇಲೆ ಯಾರ ತಲೆಗೆ ಹೋಗುತ್ತೋ. ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ? ಬಹಳ ಆಸೆ ಆಯಿತು. ಅಷ್ಟು ಹೊತ್ತಿಗೆ ಅಕ್ಕ ಒಂದು ಲೋಟ ನೀರು ತಂದು ನನ್ನ ಮುಂದೆ ಹಿಡಿದು, 'ಕುಡೀಮ್ಮ. ಸಂಕೋಚ ಬೇಡ' ಅಂದಳು. ನನ್ನ ಮನೆಯಲ್ಲಿ ನನಗೆ ಸಂಕೋಚ ಬೇಡ ಅಂತಾಳಲ್ಲಪ್ಪ! ಆ ಮಾತು ಕೇಳಿ ಸುಮ್ಮನೆ ಕೂರೋಕಾಗಲಿಲ್ಲ.

ಎದ್ದೆ. ಆಚೆ ಹೋಗಿ, ಚಪ್ಪಲಿ ಬಿಟ್ಟು, ನಮ್ಮ ಮನೆಯ ಹೊಸಿಲಾಚೆಯೇ ಪರಕೀಯಳ ಹಾಗೆ ನಿಂತೆ. 'ಅಕ್ಕ, ನಿಮ್ಮದೊಂದು ನನ್ನ ಹತ್ತಿರ ಬಂದಿತ್ತು' ಅಂದೆ. ಅವಳು ಹೊಸಿಲ ಒಳಗಡೆ ಬಂದು ನಿಂತಳು. ಎಣ್ಣೆ ಇಳಿದ ಹಣೆಯಿಂದ ಹಿಡಿದು ಸೀದ ಒಬ್ಬಟ್ಟಿನ ತನಕ ಒಂದನ್ನೂ ಬಿಡದೆ ಹೇಳಿದೆ. ಸೇರು ಒದ್ದದ್ದು ಹೇಳುವಾಗ ಮೇಷ್ಟ್ರ ಹಾಗೆ ಒಂದು ಒದೆ ಒದ್ದೂ ತೋರಿಸಿದೆ. ಹೇಳುತ್ತಾ ಹೇಳುತ್ತಾ ಆ ಹುಡುಗಿ ನನ್ನ ಕಣ್ಣೊಳಗಿಂದ ಮಸುಕಾಗುತ್ತಾ ಹೋದಳು, ಅಕ್ಕನ ಮುಖದಲ್ಲಿ ಬೆಳಕಾಗುತ್ತಾ ಬಂತು. 'ಚೆಲ್ವಿ!' ಅಂದಳು. 'ಏನೇ ಇದು ಆಚೆ ನಿಂತಿದ್ದೀಯ? ಒಳಗೆ ಬಾ, ಡಬ್ಬ ಎಲ್ಲ ಹಾಗೇ ಇದೆ.' ಒಳಗೆ ಹೋಗಿ ಬೆಲ್ಲ ತಂದು ಕೈಗೆ ಕೊಡಲಿಲ್ಲ, ಬಾಯಿಗೇ ಹಾಕಿದಳು. 'ತಪ್ಪಾಯ್ತು ಅಕ್ಕ' ಅಂದೆ. 'ಯಾಕೇ?' ಅಂದಳು. 'ಸುಮ್ಮನೆ' ಅಂದೆ.

ಈಗ ಹೀಗೇ ನಡೀತಿದೆ. ದಿನಾ ಬೆಳಗ್ಗೆ ನಾನು ಹೊಸಿಲಾಚೆ ಹೋಗಿ ನಿಲ್ಲುತ್ತೇನೆ, ಅಕ್ಕನಿಗೆ ನನ್ನನ್ನು ಕೊಡ್ತೀನಿ, ಬೆಲ್ಲ ತಿಂತೀನಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಮತ್ತೆ ನನಗೆ ಬರುತ್ತೆ. ಕೆಲವು ಸಲ ದಾರಿ ತಪ್ಪುತ್ತೆ. ಮೊನ್ನೆ ಖಲೀಲ್ ಸಾಬರು ಬಂದು, 'ಚೆಲುವಾಜಮ್ಮ, ಇವತ್ತು ನೀವು ನನಗೆ ಬಂದಿದ್ದೀರಿ. ಅಬ್ಬಬ್ಬಾ, ಸೇರನ್ನ ಹಾಗಾ ಒದೆಯೋದು!' ಅಂತ ಕಣ್ಣೊರೆಸಿಕೊಂಡರು. ಹೋದ ವಾರ ಪೋಸ್ಟ್‌ಮ್ಯಾನಿಗೆ ಹೋಗಿತ್ತು. ಅವನು ಅದೇ ಸಂಜೆ ಓಡಿ ಬಂದು ಕೊಟ್ಟ, ಅವನ ಜೀವಮಾನದಲ್ಲಿ ಮೊದಲ ಸಲ. ಊರಿನ ಅರ್ಧ ಜನ ಅಕ್ಕನ ಕಣ್ಣಿನಿಂದ ನನ್ನನ್ನು ನೋಡಿಯಾಗಿದೆ. ಅದಕ್ಕೋ ಏನೋ, ಈಚೆಗೆ ನಾನು ಬೀದಿಯಲ್ಲಿ ಹೋದರೆ ಎಲ್ಲರೂ ನಗ್ತಾರೆ. ಎಷ್ಟು ಬೈದರೂ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಬೈಯೋದರಲ್ಲಿ ಸ್ವಾರಸ್ಯವೇ ಹೋಗಿದೆ ಅಂತ ಯಜಮಾನರ ಹತ್ತಿರ ಹೇಳಿದೆ. ಅವರೂ ನಕ್ಕರು.

ಮೇಷ್ಟ್ರು ಮೊನ್ನೆ ಕೇಳಿದರು, 'ನಿಮ್ಮ ಹಸಿರು ಬಾಗಿಲು ಸಿಕ್ಕಿತೇನಮ್ಮ?' ಅಂತ. ಸಿಕ್ಕಿತು ಅಂದೆ. 'ಮಿಲ್ಲಕ್ಕನಿಗೆ ಕೊಟ್ಟಿರಾ?' ಅಂದರು. ಮಾತು ಮರೆಸಿ, ಅವರ ರಾಗಿ ಡಬ್ಬ ಎತ್ತಿಕೊಂಡು ಒಳಗೆ ಹೋದೆ. ಅದನ್ನು ಕೊಟ್ಟಿಲ್ಲ. ನಮ್ಮೂರಿನ ರೀತಿಯಲ್ಲಿ ಅದು ಕಳ್ಳತನ, ನನಗೆ ಗೊತ್ತು. ಬಾಗಿಲಿಗೆ ಹಣೆ ಒತ್ತಿ ಅತ್ತವಳು ಅಕ್ಕ, ಆದರೆ ಅವಳಿಗೆ ಅದು ಈಗ ಯಾಕೆ? ಅವಳು ಬೆಂಚಿನ ಮೇಲೆ ಕೂತು, ಕಾಲಾಡಿಸುತ್ತಾ, ಬೆಲ್ಲ ಚೀಪುತ್ತಾ ಇದ್ದಾಳೆ. ಅದು ನನ್ನ ಹತ್ತಿರವೇ ಇರಲಿ. ಈ ಮನೆಯಲ್ಲಿ ಭಾರದ ಡಬ್ಬ ಎತ್ತೋದು ಯಾವತ್ತಿದ್ದರೂ ನನ್ನ ಕೆಲಸವೇ.